ಓಮ್ನಿ ಎಂಜಿನ್‌ಗೆ ಕಟ್ಟಿಗೆಯ ಟೆಸ್ಟ್ ಸ್ಟ್ಯಾಂಡ್

ಮಾರುತಿ ಓಮ್ನಿ ವ್ಯಾನಿನ ಎಂಜಿನ್ ಬಿಚ್ಚಿ ಕಟ್ಟುವುದು ದೊಡ್ಡ ಕೆಲಸ ಅಲ್ಲ. ಕಟ್ಟಿದ್ದನ್ನು ಗಾಡಿಗೆ ಏರಿಸಿ, ಸೀಟು ಕೂರಿಸಿ, ಗಿರಾಕಿಗೆ ಫೋನ್ ಮಾಡಿದ ಮೇಲೆ ಎಲ್ಲೋ ಆಯಿಲ್ ಒಸರುವುದು ಕಾಣುತ್ತದಲ್ಲ, ಅದು ದೊಡ್ಡ ಕೆಲಸ. ಆ ಗಾಡಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಕೈ ಆಡಿಸಲು ಜಾಗ ಇಲ್ಲ, ಬೆಳಕೂ ಇಲ್ಲ. ಒಂದು ಸಣ್ಣ ಸೀಲಿಗಾಗಿ ಮತ್ತೆ ಪೂರ್ತಿ ಇಳಿಸಬೇಕು. ಅದಕ್ಕೇ ನಾನು ಕಟ್ಟಿದ ಎಂಜಿನ್ನನ್ನು ಹೊರಗೇ ಒಂದು ಕಟ್ಟಿಗೆ ಸ್ಟ್ಯಾಂಡಿನ ಮೇಲೆ ಚಾಲೂ ಮಾಡಿ ನೋಡಿ, ಆಮೇಲೆ ಏರಿಸುತ್ತೇನೆ.

ಓಮ್ನಿ ತಯಾರಾಗುವುದು 2019ಕ್ಕೇ ನಿಂತಿತು. ಆದರೆ ಕುಂದಗೋಳ, ಕಲಘಟಗಿ, ನವಲಗುಂದ ಕಡೆ ಕಾಯಿಪಲ್ಲೆ, ಶಾಲೆ ಮಕ್ಕಳು, ಶಾಮಿಯಾನದ ಸಾಮಾನು ಎಲ್ಲ ಇನ್ನೂ ಅದರಲ್ಲೇ ಓಡಾಡುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗಿರುವ ನನ್ನ ಶೆಡ್ಡಿಗೆ ಬರುವುದರಲ್ಲಿ ಅವೇ ಜಾಸ್ತಿ. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್ ಇರುವ ಹಳೆಯ ಎಫ್‌8ಬಿ ಎಂಜಿನ್. ಇಲ್ಲಿ ಬರೆಯುತ್ತಿರುವುದು ಅದರ ಲೆಕ್ಕದಲ್ಲೇ. ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ ಎಂಜಿನ್ ಆದರೆ ಕಂಪ್ಯೂಟರ್, ಸೆನ್ಸರ್, ಟ್ಯಾಂಕಿನೊಳಗಿನ ಪಂಪ್ ಅಂತ ಬೇರೆಯೇ ಸಂಸಾರ ಕಟ್ಟಿಕೊಳ್ಳಬೇಕು. ಅದು ಇಲ್ಲಿ ಬೇಡ.

ಅಂಗಡಿಯಲ್ಲಿ ಸಿಗುವ, ಎಂಜಿನ್ ಸಿಕ್ಕಿಸಿ ಗರಗರ ತಿರುಗಿಸುವ ಸ್ಟ್ಯಾಂಡ್ ಇದೆಯಲ್ಲ, ಅದು ಬಿಚ್ಚಿ ಕಟ್ಟಲು ಮಾತ್ರ. ಅದರ ಮೇಲೆ ಎಂಜಿನ್ ಚಾಲೂ ಮಾಡಬಾರದು. ಹಿಂದೆ ಒಂದೇ ಕಡೆ ಹಿಡಿತ ಇರುತ್ತದೆ, ಮುಂದಿನ ಭಾಗ ಗಾಳಿಯಲ್ಲಿ ತೂಗುತ್ತದೆ.

ಕಬ್ಬಿಣ ಬಿಟ್ಟು ಕಟ್ಟಿಗೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ವೆಲ್ಡಿಂಗ್ ಬರುವವರು ಆಂಗಲ್‌ನಲ್ಲೇ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕಟ್ಟಿಗೆಗೆ ಕರೆಂಟಿನ ಹಂಗಿಲ್ಲ. ಗರಗಸ, ಉಳಿ, ಡ್ರಿಲ್ ಸಾಕು. ಅಳತೆ ಅರ್ಧ ಇಂಚು ಆಚೆ ಈಚೆ ಆದರೆ ಇನ್ನೊಂದು ತೂತು ಹಾಕಿದರೆ ಮುಗಿಯಿತು. ಇನ್ನೊಂದು ಲಾಭ, ಸದ್ದು. ಕಬ್ಬಿಣದ ಫ್ರೇಮು ಎಂಜಿನ್ ಜೊತೆ ತಾನೂ ಝಣಗುಡುತ್ತದೆ. ಕಟ್ಟಿಗೆ ಅದನ್ನು ನುಂಗಿಕೊಳ್ಳುತ್ತದೆ. ಟ್ಯಾಪೆಟ್ ಸದ್ದು ಯಾವುದು, ಬೇರಿಂಗ್ ಸದ್ದು ಯಾವುದು ಅಂತ ಕಿವಿಗೆ ಬೇರೆ ಬೇರೆಯಾಗಿ ಕೇಳುತ್ತದೆ. ಟೆಸ್ಟ್ ಸ್ಟ್ಯಾಂಡಿಗೆ ಅದಕ್ಕಿಂತ ಇನ್ನೇನು ಬೇಕು?

ಕಟ್ಟಿಗೆ ಆರಿಸುವುದು

ಸಾಗವಾನಿ ಬೇಡ, ಸುಮ್ನೆ ದುಡ್ಡು ದಂಡ. ಮತ್ತಿ ಅಥವಾ ಜಾಲಿ ಸಾಕು. ಮತ್ತಿ ತೂಕವಾದ, ಗಟ್ಟಿಯಾದ ಕಟ್ಟಿಗೆ. ಕಟ್ಟಿಗೆ ಅಡ್ಡೆಯಲ್ಲಿ ಚೌಕಟ್ಟಿಗೆ ಅಂತ ಕೊಯ್ದ 4 ಇಂಚು 3 ಇಂಚಿನ ತುಂಡು ಸಿಗುತ್ತದೆ, ಅದೇ ಅಳತೆ ನಮಗೂ ಬೇಕು. ಜಾಲಿಯೂ ಗಟ್ಟಿ, ಚಕ್ಕಡಿ ಗಾಲಿಗೆ ಬಳಸುತ್ತಿದ್ದದ್ದು ಅದನ್ನೇ. ಆದರೆ ಉದ್ದಕ್ಕೆ ನೆಟ್ಟಗಿರುವ ತುಂಡು ಸಿಗುವುದು ಕಷ್ಟ.

ಎಲ್ಲಕ್ಕಿಂತ ಒಳ್ಳೆಯದು ಹಳೆ ಮನೆಯ ತೊಲೆ. ನಮ್ಮ ಕಡೆ ಊರೂರಲ್ಲೂ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದಾರೆ. ತೊಲೆ, ಜಂತಿ, ಕಂಬ ಎಲ್ಲ ಮಾರಾಟಕ್ಕೆ ಬರುತ್ತವೆ. ಎರಡು ತಲೆಮಾರು ಮಾಡಿನ ಕೆಳಗೆ ಒಣಗಿದ ಕಟ್ಟಿಗೆ ಅದು. ಇನ್ನು ಸೊಟ್ಟ ಆಗುವುದಿಲ್ಲ, ಸೀಳುವುದಿದ್ದರೆ ಆಗಲೇ ಸೀಳಿರುತ್ತದೆ. ಕೊಳ್ಳುವಾಗ ಮೂರು ನೋಡಿ. ಗೋಡೆಯಲ್ಲಿ ಹುದುಗಿದ್ದ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ. ಒಳಗೆ ಇಳಿದರೆ ಅಷ್ಟು ಭಾಗ ಹುಳ ತಿಂದಿದೆ, ಕೊಯ್ದು ಬಿಸಾಕಿ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಅನ್ನುತ್ತಿದ್ದದ್ದು ಎಲ್ಲಿ ಡಬ್ ಅನ್ನುತ್ತದೋ ಅಲ್ಲಿ ಟೊಳ್ಳು. ಮೂರನೆಯದು ಮೊಳೆ. ಸ್ಪೀಕರಿನ ಹಳೆ ಅಯಸ್ಕಾಂತ ಒಂದನ್ನು ಮೇಲೆ ಆಡಿಸಿ, ಎಲ್ಲಿ ಎಳೆಯುತ್ತದೋ ಅಲ್ಲಿ ಮುರಿದ ಮೊಳೆ ಇದೆ. ಹಾಗೇ ಕೊಯ್ಯಲು ಕೊಟ್ಟರೆ ಮಿಲ್ಲಿನವರ ಬ್ಲೇಡು ಹೋಗುತ್ತದೆ, ನಿಮ್ಮ ಅವರ ಮಾತೂ ಹೋಗುತ್ತದೆ.

ಹುಬ್ಬಳ್ಳಿ ರೈಲ್ವೆ ಊರು. ಹಳೆ ಕಟ್ಟಿಗೆ ಸ್ಲೀಪರ್ ಯಾರದಾದರೂ ಹಿತ್ತಲಲ್ಲಿ ಬಿದ್ದಿರುತ್ತದೆ. ಗಟ್ಟಿ ಇದೆ ಅಂತ ಅದನ್ನು ತರಬೇಡಿ. ಹುಳ ಹಿಡಿಯದಿರಲಿ ಅಂತ ಅದಕ್ಕೆ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ. ಸೈಲೆನ್ಸರ್ ಬಿಸಿಯ ಪಕ್ಕ ಎಣ್ಣೆ ಕುಡಿದ ಕಟ್ಟಿಗೆ ಬೇಕಾ?

ಹಸಿ ಕಟ್ಟಿಗೆಯಂತೂ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಣಗಿ ಸಣ್ಣಗಾಗುತ್ತದೆ, ಇವತ್ತು ಬಿಗಿ ಮಾಡಿದ ನಟ್ಟು ನಾಳೆ ಕೈಯಲ್ಲೇ ತಿರುಗುತ್ತದೆ.

ಅಳತೆ

ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಸೇರಿಸಿಯೇ ಕೂರಿಸಬೇಕು. ಗೇರ್‌ಬಾಕ್ಸ್ ಯಾಕೆ ಅಂದರೆ, ಸ್ಟಾರ್ಟರ್ ಮೋಟಾರ್ ಹಿಡಿದುಕೊಳ್ಳುವುದು ಅದರ ಬೆಲ್ ಹೌಸಿಂಗನ್ನೇ, ಅಂದರೆ ಎಂಜಿನ್ನಿಗೆ ಕೂಡುವ ಅಗಲ ಬಾಯಿಯ ಭಾಗವನ್ನೇ. ಅದಿಲ್ಲದಿದ್ದರೆ ಮೋಟಾರ್ ಕೂರಿಸಲು ಜಾಗವೇ ಇಲ್ಲ. ಜೊತೆಗೆ ಹಿಂದಿನ ಮೌಂಟ್, ಅಂದರೆ ಭಾರ ಕೂರುವ ರಬ್ಬರ್ ಹಿಡಿತ, ಇರುವುದೂ ಗೇರ್‌ಬಾಕ್ಸಿನ ಮೇಲೆ. ಎಂಜಿನ್ನಿನ ಎರಡು ಬದಿಗೆ ಎರಡು, ಹಿಂದೆ ಒಂದು, ಹೀಗೆ ಮೂರು ಕಡೆ ಭಾರ ಕೂರುತ್ತದೆ.

ತೂಕ ಊಹೆ ಮಾಡಬೇಡಿ, ಗುಜರಿ ಅಂಗಡಿಯ ಕಾಟಾ ಮೇಲಿಟ್ಟು ನೋಡಿ. ರೇಡಿಯೇಟರ್, ನೀರು, ಬ್ಯಾಟರಿ ಎಲ್ಲ ಸೇರಿಸಿ ನಾನು 150 ಕಿಲೋ ತಡೆಯಬೇಕು ಅಂತ ಹಿಡಿಯುತ್ತೇನೆ. ಸುಮ್ಮನೆ ನಿಲ್ಲಿಸುವುದಕ್ಕೆ 4-3ರ ಮತ್ತಿ ಅದರ ಎಷ್ಟೋ ಪಟ್ಟು ತಡೆಯುತ್ತದೆ. ಚಿಂತೆ ಇರುವುದು ಭಾರದ್ದಲ್ಲ, ಅಲುಗಾಟದ್ದು. ಮೂರು ಸಿಲಿಂಡರ್ ಎಂಜಿನ್ ಮೇಲೆ ಕೆಳಗೆ ಕುಣಿಯುವುದಿಲ್ಲ, ಏತದ ಹಾಗೆ ಆಡುತ್ತದೆ. ಮುಂದಿನ ತುದಿ ಏಳುವಾಗ ಹಿಂದಿನದು ಇಳಿಯುತ್ತದೆ. ಅದಕ್ಕೇ ಉದ್ದಕ್ಕೆ ಓರೆ ಪಟ್ಟಿ ಬೇಕೇ ಬೇಕು. ಅಗಲಕ್ಕೆ ಮಾತ್ರ ಕೊಟ್ಟು ಉದ್ದಕ್ಕೆ ಬಿಟ್ಟ ಸ್ಟ್ಯಾಂಡ್ ನೋಡಿದ್ದೇನೆ. ಚಾಲೂ ಮಾಡಿದ ಕೂಡಲೇ ಹಿಂದೆ ಮುಂದೆ ತೂಗಲು ಶುರು ಮಾಡುತ್ತದೆ.

ನನ್ನ ಸ್ಟ್ಯಾಂಡಿನ ಅಳತೆ ಹೇಳುತ್ತೇನೆ. ನೀವು ನಿಮ್ಮ ಎಂಜಿನ್ ಅಳೆದುಕೊಂಡು ಬದಲಿಸಿಕೊಳ್ಳಿ. ಅಡಿಯಲ್ಲಿ 5 ಅಡಿ ಉದ್ದದ ಎರಡು ತೊಲೆ, 4 ಇಂಚಿನ ಬದಿ ನಿಂತಿರಬೇಕು, 3 ಇಂಚಿನದು ನೆಲಕ್ಕೆ. ಅವೆರಡನ್ನೂ ಕೂಡಿಸಲು ಎರಡೂ ತುದಿಗೆ ಒಂದೊಂದು, ನಡುವೆ ಒಂದು ಅಡ್ಡ ತುಂಡು. ಹೊರ ಅಳತೆಯಲ್ಲಿ ಅಗಲ 26 ಇಂಚು. ಈ ಅಡಿಯ ಮೇಲೆ ಕಂಬ ನಿಲ್ಲಿಸಿ ಎಂಜಿನ್ ಕೂರಿಸುವುದು, ಮೌಂಟ್ ನೆಲದಿಂದ 20 ಇಂಚು ಎತ್ತರಕ್ಕೆ ಬರುತ್ತದೆ. ಅಗಲ ಯಾವತ್ತೂ ಮೌಂಟಿನ ಎತ್ತರಕ್ಕಿಂತ ಜಾಸ್ತಿ ಇರಲಿ, ಆಗ ಸ್ಟ್ಯಾಂಡ್ ಮಗುಚುವ ಮಾತಿಲ್ಲ. ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅದರ ಕೆಳಗೆ ಒಂದು ಟ್ರೇ ತೂರಿಸಿ, ಡ್ರೇನ್ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುವಷ್ಟು ಜಾಗ ಉಳಿಯಬೇಕು, 8–9 ಇಂಚು. ಅದಕ್ಕಿಂತ ಎತ್ತರ ಮಾಡಿದರೆ ನೋಡಲು ಚಂದ, ಕೆಲಸಕ್ಕೆ ಕೇಡು.

ಎಂಜಿನ್ ಯಾವ ಓರೆಯಲ್ಲಿ ಗಾಡಿಯಲ್ಲಿ ಕೂತಿತ್ತೋ ಇಲ್ಲೂ ಹಾಗೇ ಕೂರಬೇಕು. ಇಳಿಸುವ ಮೊದಲು, ಗಾಡಿ ಸಮನೆಲದಲ್ಲಿ ಇರುವಾಗಲೇ ಕಾರ್ಬೊರೇಟರಿನ ಮುಚ್ಚಳದ ಮೇಲೆ ಲೆವೆಲ್ ಇಟ್ಟು ಗುಳ್ಳೆ ಎಲ್ಲಿದೆ ಅಂತ ಒಂದು ಫೋಟೋ ತೆಗೆದಿಡಿ. ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಓರೆಯಾದರೆ ಪೆಟ್ರೋಲ್ ಉಕ್ಕುತ್ತದೆ, ನೀವು ಸೂಜಿ ವಾಲ್ವ್ ಹಾಳಾಗಿದೆ ಅಂತ ಬಿಚ್ಚಿ ಕೂರುತ್ತೀರಿ. ಮೌಂಟುಗಳ ನಡುವಿನ ಅಂತರಕ್ಕೆ ಟೇಪ್ ನಂಬುವುದಕ್ಕಿಂತ ದಪ್ಪ ರಟ್ಟು ಹಿಡಿದು ತೂತು ಗುರುತು ಮಾಡಿಕೊಳ್ಳಿ.

ಬೋಲ್ಟು ಹಾಕುವುದು

ಕಟ್ಟಿಗೆ ಸ್ಟ್ಯಾಂಡ್ ಕೆಟ್ಟರೆ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಕೊಯ್ದು ಕೊಟ್ಟ ಬಡಿಗ ಕಾಕಾ ಕೇಳಿದ್ದರು: "ಇದಕ್ಕ್ಯಾಕ ಇಷ್ಟು ಬೋಲ್ಟ ತಮ್ಮಾ? ಐದಿಂಚ ಮೊಳಿ ನಾಕ ಹೊಡದ್ರ ಆತಲ್ಲ."

"ಇದು ಬಾಗಲಾ ಅಲ್ಲ ಕಾಕಾ, ಗಡಗಡ ನಡಗತೈತಿ," ಅಂದೆ.

"ಹಂಗಾರ ಕಚ್ಚು ಹಾಕಿ ಕೊಡ್ತೇನಿ ತಡಿ, ಬೋಲ್ಟಿಗೆ ಭಾರ ಬರಂಗಿಲ್ಲ," ಅಂದರು.

ಅದು ಲಾಖ್ ರೂಪಾಯಿ ಮಾತು. ಎರಡು ತುಂಡು ಕೂಡುವಲ್ಲಿ ಎರಡರಿಂದಲೂ ಅರ್ಧರ್ಧ ದಪ್ಪ ಕಡಿದು ಒಂದರೊಳಗೆ ಒಂದು ಕೂರಿಸಿದರೆ ಭಾರ ಕಟ್ಟಿಗೆಯಿಂದ ಕಟ್ಟಿಗೆಗೇ ಹೋಗುತ್ತದೆ. ಬೋಲ್ಟಿನ ಕೆಲಸ ಬರೀ ಬಿಡದಂತೆ ಹಿಡಿದುಕೊಳ್ಳುವುದು. ಕಚ್ಚು ಬಿಗಿಯಾಗಿ, ಸುತ್ತಿಗೆಯ ಎರಡು ಏಟಿಗೆ ಕೂರುವಂತಿರಲಿ. ಸಡಿಲ ಇದ್ದರೆ ಅಲ್ಲೇ ಆಡಲು ಶುರು.

ಬೋಲ್ಟು 12 ಎಂಎಂ, ಆರಪಾರ ಹೋಗುವಂಥದ್ದು. ತೂತೂ 12ರದ್ದೇ, 13 ಅಲ್ಲ. ಎರಡೂ ತುಂಡು ಕ್ಲ್ಯಾಂಪ್ ಹಾಕಿ ಕೂಡಿಸಿ ಒಟ್ಟಿಗೇ ಡ್ರಿಲ್ ಹೊಡೆಯಿರಿ. ಬೋಲ್ಟು ಬಡಿದು ಇಳಿಸುವಷ್ಟು ಬಿಗಿ ಇದ್ದರೆ ಒಳ್ಳೆಯದೇ. ತುಂಡಿನ ತುದಿಯಿಂದ ಕನಿಷ್ಠ ಮೂರೂವರೆ ಇಂಚು ಒಳಗೆ ತೂತು ಬರಬೇಕು, ಬೋಲ್ಟಿನ ದಪ್ಪದ ಏಳು ಪಟ್ಟು ಅಂತ ಲೆಕ್ಕ. ತುದಿಗೆ ಹತ್ತಿರ ಬಂದರೆ ಎಳೆತಕ್ಕೆ ಕಟ್ಟಿಗೆ ಎಳೆಗುಂಟ ಸೀಳುತ್ತದೆ. ಒಂದು ಕೂಡಿಕೆಗೆ ಎರಡು ಬೋಲ್ಟು, ಆದರೆ ಎರಡೂ ಒಂದೇ ಎಳೆಯ ಮೇಲೆ ಬೇಡ. ಮೂಲೆಯಿಂದ ಮೂಲೆಗೆ, ಓರೆಯಾಗಿ ಬರಲಿ. ಕಚ್ಚಿನ ಜಾಗ ಚಿಕ್ಕದಿದ್ದು ಈ ಅಂತರ ಸಿಗದಿದ್ದರೆ, ಅಡ್ಡ ತುಂಡಿನ ತುದಿಯನ್ನು ತೊಲೆಯಿಂದ ಎರಡಿಂಚು ಹೊರಕ್ಕೇ ಬಿಡಿ. ಕೊಯ್ದು ಸಮ ಮಾಡುವ ಹುಚ್ಚು ಬೇಡ.

ವಾಷರ್ ಅಂತ ಅಂಗಡಿಯವರು ಕೊಡುವ ರೂಪಾಯಿ ಅಗಲದ ಬಿಲ್ಲೆ ಇಲ್ಲಿ ಸಾಲದು. ಪಾನಾ ಹಾಕಿ ಎಳೆದರೆ ಅದು ಕಟ್ಟಿಗೆಯೊಳಗೇ ಮುಳುಗುತ್ತದೆ. ನಿಮಗೆ ಬಿಗಿಯಾಯಿತು ಅನಿಸುತ್ತದೆ, ಆದದ್ದು ಕಟ್ಟಿಗೆ ಜಜ್ಜಿದ್ದು. 50 ಎಂಎಂ ಅಗಲ, 5 ಎಂಎಂ ದಪ್ಪದ ಪಟ್ಟಿ ತಂದು ಚೌಕ ಚೌಕ ಕತ್ತರಿಸಿ ನಡುವೆ ತೂತು ಹಾಕಿ, ಎರಡೂ ಬದಿಗೆ ಇಡಿ. ನಟ್ಟು ನೈಲಾಕ್ ಇರಲಿ, ಅಂದರೆ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವಂಥದ್ದು. ಸ್ಪ್ರಿಂಗ್ ವಾಷರ್ ಕಟ್ಟಿಗೆ ಮೇಲೆ ಏನೂ ಮಾಡುವುದಿಲ್ಲ.

ಓರೆ ಪಟ್ಟಿಗಳು 3-2ರದ್ದು ಸಾಕು. ಮುಂದಿನ ಕಂಬದ ತಲೆಯಿಂದ ಅಡಿಯ ತೊಲೆಗೆ, ಮುಂದಕ್ಕೊಂದು ಹಿಂದಕ್ಕೊಂದು. ಎರಡೂ ಬದಿ ಸೇರಿ ನಾಲ್ಕು. ಅಗಲದ ದಿಕ್ಕಿಗೆ ಕಂಬದ ಒಳಮೈಗೆ ಮೂಲೆಯಲ್ಲಿ ತ್ರಿಕೋನದ 18 ಎಂಎಂ ಪ್ಲೈವುಡ್ ತುಂಡು ಬೋಲ್ಟ್ ಮಾಡಿ. ಅಲ್ಲಿ ಪೂರ್ತಿ ಓರೆ ಪಟ್ಟಿ ಕೊಟ್ಟರೆ ಸಂಪ್ ಕೆಳಗೆ ಟ್ರೇ ಹೋಗುವುದಿಲ್ಲ.

ಎಂಜಿನ್ ಕೂರಿಸುವುದು

ಎಲ್ಲವೂ ಕಟ್ಟಿಗೆಯೇ ಆಗಬೇಕು ಅನ್ನುವ ಹಟ ನನಗಿಲ್ಲ. ಕಂಬದ ತಲೆಗೆ 50 ಎಂಎಂ ಆಂಗಲ್ ತುಂಡು ಎರಡು ಬೋಲ್ಟಿನಲ್ಲಿ ಕೂರಿಸಿ, ಅದರ ಮೇಲೆ ಓಮ್ನಿಯದೇ ರಬ್ಬರ್ ಮೌಂಟ್ ಹಾಕಿ. ರಬ್ಬರ್ ಬಿಟ್ಟು ನೇರ ಕಬ್ಬಿಣ ಕಟ್ಟಿಗೆ ಕೂಡಿಸಿದರೆ ಬೋಲ್ಟಿನ ತೂತೆಲ್ಲ ಮೊಟ್ಟೆ ಆಕಾರಕ್ಕೆ ಬರುತ್ತವೆ. ಹಳೆಯ ರಬ್ಬರೇ ಆಗಬಹುದು, ಆದರೆ ತಗಡಿನಿಂದ ಬಿಟ್ಟುಕೊಂಡಿರಬಾರದು. ಸ್ಕ್ರೂಡ್ರೈವರ್ ತೂರಿಸಿ ಮೀಟಿ ನೋಡಿ.

ಈ ಎಂಜಿನ್ನಿನ ಟಾರ್ಕ್ ಹೆಚ್ಚೆಂದರೆ 6 ಕೆಜಿ-ಮೀಟರ್ ಆಸುಪಾಸು. ಲೋಡ್ ಇಲ್ಲದೆ ಓಡುವಾಗ ಅಷ್ಟೂ ಸ್ಟ್ಯಾಂಡಿಗೆ ಬರುವುದಿಲ್ಲ. ಆದರೂ ದಿಢೀರ್ ಆಕ್ಸಿಲರೇಟರ್ ಎಳೆದಾಗ ಎಂಜಿನ್ ಒಂದು ಬದಿಗೆ ಹೊರಳಿ ನೋಡುತ್ತದೆ. ಅದಕ್ಕೆ ಲಿಫ್ಟಿಂಗ್ ಹುಕ್ಕಿನಿಂದ ಅಡಿಯ ತೊಲೆಗೆ ಒಂದು ಸರಪಳಿ ಕಟ್ಟಿ, ಬೆರಳು ಹೋಗುವಷ್ಟು ಸಡಿಲ ಬಿಡಿ. ಮೌಂಟ್ ಹರಿದರೂ ಎಂಜಿನ್ ಉರುಳಬಾರದು.

ಏರಿಸಲು ಚೈನ್ ಬ್ಲಾಕ್ ಬಳಸಿ. ಮೂರು ಹುಡುಗರು ಹಗ್ಗ ಹಾಕಿ ಎತ್ತುತ್ತೇವೆ ಅಂದರೆ ಬೇಡ ಅನ್ನಿ.

ಗೇರ್‌ಬಾಕ್ಸ್ ನ್ಯೂಟ್ರಲ್ಲಿನಲ್ಲಿ ಇರಬೇಕು, ಒಳಗೆ ಆಯಿಲ್ ಇರಬೇಕು. ನ್ಯೂಟ್ರಲ್ ಇದ್ದರೂ ಒಳಗಿನ ಗೇರ್ ಕೆಲವು ತಿರುಗುತ್ತಲೇ ಇರುತ್ತವೆ. ಹಿಂದೆ, ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತೆಗೆದ ಜಾಗದಿಂದ ಆಯಿಲ್ ಸುರಿಯುತ್ತದೆ. ಬಟ್ಟೆ ತುರುಕಬೇಡಿ. ಗುಜರಿಯಲ್ಲಿ ಮುರಿದ ಶಾಫ್ಟಿನ ಮುಂದಿನ ಯೋಕ್, ಅಂದರೆ ಗೇರ್‌ಬಾಕ್ಸಿನೊಳಗೆ ತೂರುವ ತುದಿ, ಸಿಗುತ್ತದೆ, ಅದನ್ನು ತೂರಿಸಿದರೆ ಸೀಲು ಅದರ ಮೇಲೆ ಕೂತು ಆಯಿಲ್ ನಿಲ್ಲುತ್ತದೆ. ಆದರೆ ಆ ಯೋಕ್ ನಿಧಾನಕ್ಕೆ ತಿರುಗಬಹುದು, ಹೊರಗೂ ಜಾರಬಹುದು. ಹಿಂದಿನ ಅಡ್ಡ ತುಂಡಿಗೆ ಒಂದು ಪೈಪಿನ ತುಂಡು ಕೂರಿಸಿ ಅದರೊಳಗೆ ಮುಚ್ಚಿಬಿಡಿ. ಧೋತ್ರ, ಟವಲ್ ಯಾವುದೂ ಸಿಕ್ಕಬಾರದು.

ಬಿಸಿ ಮತ್ತು ಪೆಟ್ರೋಲ್

ಎಕ್ಸಾಸ್ಟ್ ಪೈಪಿಗೂ ಕಟ್ಟಿಗೆಗೂ ನಡುವೆ ಒಂದು ಗೇಣು, ಅಂದರೆ 9 ಇಂಚು ಇರಬೇಕು. ಅಷ್ಟು ಸಿಗದ ಕಡೆ ಜಿಐ ತಗಡು ಹೊಡೆಯಿರಿ. ಆದರೆ ತಗಡನ್ನು ಕಟ್ಟಿಗೆಗೆ ಅಂಟಿಸಿ ಹೊಡೆದರೆ ಪ್ರಯೋಜನ ಇಲ್ಲ, ತಗಡು ಕಾದು ಕಟ್ಟಿಗೆಯನ್ನೂ ಕಾಯಿಸುತ್ತದೆ. ನಡುವೆ ಪೈಪಿನ ಸಣ್ಣ ತುಂಡು ಕೊಟ್ಟು ಒಂದು ಇಂಚು ದೂರ ನಿಲ್ಲಿಸಿ, ಮೇಲೆ ಕೆಳಗೆ ತೆರೆದಿರಲಿ, ಗಾಳಿ ಆಡಲಿ. ದಿನಾ ಬಿಸಿ ತಾಗಿದ ಕಟ್ಟಿಗೆ ಕರಿಕಾಗುತ್ತಾ ಹೋಗುತ್ತದೆ, ಕರಿಕಾದ ಮೇಲೆ ಮೊದಲಿಗಿಂತ ಕಡಿಮೆ ಬಿಸಿಗೂ ಹೊತ್ತಿಕೊಳ್ಳುತ್ತದೆ. ಒಂದು ವರ್ಷ ಏನೂ ಆಗಿಲ್ಲ ಅಂತ ಧೈರ್ಯ ಮಾಡುವ ವಿಷಯ ಇದಲ್ಲ.

ಸೈಲೆನ್ಸರ್ ಪೂರ್ತಿ ಹಾಕಿ, ಬಾಯಿ ಹೊರಗೆ ಇರಲಿ. ಶೆಡ್ಡಿನ ಶಟರ್ ಅರ್ಧ ಎಳೆದು ಒಳಗೆ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆ ಭಾರ ಆಯಿತು ಅಂತ ಕೂತವರು ಏಳುವುದಿಲ್ಲ. ನಾನು ಸ್ಟ್ಯಾಂಡನ್ನು ಅಂಗಳದಲ್ಲೇ ಇಡುತ್ತೇನೆ, ಫರಸಿ ಕಲ್ಲು ಹಾಸಿದ ಕಡೆ. ಎರೆ ಮಣ್ಣಿನ ಮೇಲೆ ಇಡುವುದಾದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕೆಸರು. ಲೆವೆಲ್ ಒಂದು ವಾರ ನಿಲ್ಲುವುದಿಲ್ಲ.

ಪೆಟ್ರೋಲಿಗೆ ಹಳೆ ಟಿವಿಎಸ್ ಮೊಪೆಡ್ಡಿನ ಟ್ಯಾಂಕು ಒಳ್ಳೆಯದು, ಕಾಕ್ ಇರುತ್ತದೆ, ಮುಚ್ಚಳ ಸರಿ ಇರುತ್ತದೆ. ನೀರಿನ ಬಾಟಲಿ ತಲೆಕೆಳಗೆ ಕಟ್ಟುವುದು ನಮ್ಮಲ್ಲಿ ಮಾಮೂಲು. ಸ್ಟ್ಯಾಂಡಿನ ಮೇಲೆ ಆ ಆಟ ಬೇಡ. ಈ ಎಂಜಿನ್ನಿನ ಪಂಪು ತಾನೇ ಪೆಟ್ರೋಲ್ ಎಳೆಯುತ್ತದೆ, ಹಾಗಾಗಿ ಟ್ಯಾಂಕ್ ಎತ್ತರದಲ್ಲಿ ಇರಬೇಕಾಗಿಲ್ಲ. ಕಾರ್ಬೊರೇಟರಿಗಿಂತ ಕೆಳಗೆ, ಎಕ್ಸಾಸ್ಟ್ ಇಲ್ಲದ ಬದಿಗೆ ಇಡಿ. ಪೈಪ್ ಜಾರಿದರೂ ಪೆಟ್ರೋಲ್ ಬಿಸಿ ಪೈಪಿನ ಮೇಲೆ ಸುರಿಯುವುದಿಲ್ಲ. ಪಂಪಿಗೆ ರಿಟರ್ನ್ ನಳಿಕೆ ಇದ್ದರೆ ಅದನ್ನು ಮುಚ್ಚಬೇಡಿ, ಇನ್ನೊಂದು ಪೈಪ್ ಹಾಕಿ ಟ್ಯಾಂಕಿಗೇ ವಾಪಸ್ ಬಿಡಿ. ಒಂದು ಲೀಟರಿಗಿಂತ ಜಾಸ್ತಿ ತುಂಬಬೇಡಿ. ಒಣ ಪುಡಿಯ ಫೈರ್ ಎಕ್ಸ್‌ಟಿಂಗ್ವಿಷರ್ ಒಂದು, ಒಣ ಉಸುಕಿನ ಬಕೆಟ್ ಒಂದು ಕೈಗೆ ಸಿಗುವಂತಿರಲಿ. ನೀರು ಹಾಕಿದರೆ ಪೆಟ್ರೋಲ್ ಬೆಂಕಿ ನೀರಿನ ಮೇಲೇರಿ ಹರಡುತ್ತದೆ. ಆಯಿಲ್ ಹೀರಲಿ ಅಂತ ಎಂಜಿನ್ ಕೆಳಗೆ ಗರಗಸದ ಹೊಟ್ಟು ಹಾಸುವ ಅಭ್ಯಾಸವನ್ನೂ ಇಲ್ಲಿ ಬಿಡಿ.

ವೈರಿಂಗ್

ಗಾಡಿ ವೈರಿಂಗ್ ಚೆನ್ನಾಗಿ ಬರುವವರೂ ಕಟ್ಟಿಗೆ ಸ್ಟ್ಯಾಂಡ್ ಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಒಂದೇ: ಕಟ್ಟಿಗೆಯಲ್ಲಿ ಅರ್ತ್ ಇಲ್ಲ. ಗಾಡಿಯಲ್ಲಿ ಬಾಡಿಯೇ ಅರ್ತ್, ಎಲ್ಲಿ ಸ್ಕ್ರೂ ಹಾಕಿದರೂ ನಡೆಯುತ್ತದೆ. ಇಲ್ಲಿ ಪ್ಯಾನೆಲ್ ಬೋರ್ಡಿನ ಬಲ್ಬು, ಮೀಟರು, ರೇಡಿಯೇಟರ್ ಫ್ಯಾನು ಪ್ರತಿಯೊಂದರ ಅರ್ತ್ ವೈರನ್ನೂ ಎಂಜಿನ್ ಬ್ಲಾಕಿಗೋ ಬ್ಯಾಟರಿ ಮೈನಸ್ಸಿಗೋ ಎಳೆಯಬೇಕು. ಮೌಂಟ್ ರಬ್ಬರಿನದು, ಕೆಳಗೆ ಕಟ್ಟಿಗೆ, ಹಾಗಾಗಿ ಬ್ಲಾಕೂ ಯಾವುದಕ್ಕೂ ತಾಗಿರುವುದಿಲ್ಲ.

ಮೊದಲು ಬ್ಯಾಟರಿ ಮೈನಸ್ಸಿನಿಂದ ನೇರ ಬೆಲ್ ಹೌಸಿಂಗಿನ ಬೋಲ್ಟಿಗೆ ದಪ್ಪ ಕೇಬಲ್. 25 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಸಾಕು, ಮೃದುವಾಗಿ ಬಾಗುತ್ತದೆ, ಅಲುಗಾಟಕ್ಕೆ ಮುರಿಯುವುದಿಲ್ಲ. ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ತೆಗೆಯಿರಿ. ಪ್ಲಸ್ಸಿನಿಂದ ಅಂಥದ್ದೇ ಕೇಬಲ್ ಸ್ಟಾರ್ಟರ್ ಸೊಲೆನಾಯ್ಡಿಗೆ. ಈ ಅರ್ತ್ ಸಡಿಲ ಇದ್ದರೆ ಸ್ಟಾರ್ಟರಿನ ಕರೆಂಟು ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್ಲಿನ ತಂತಿ, ಮೀಟರಿನ ಸಣ್ಣ ಅರ್ತ್ ವೈರು, ಯಾವುದು ಸಿಕ್ಕರೆ ಅದು. ಹೊಗೆ ಬರುವುದು ಅಲ್ಲಿಂದಲೇ.

ಇಗ್ನಿಷನ್ ಸ್ವಿಚ್ಚಿನಿಂದ 15 ಆಂಪ್ ಫ್ಯೂಸ್ ದಾಟಿ ಕಾಯಿಲಿಗೆ ವೈರು. ಕಾಯಿಲ್ ಜೊತೆ ರೆಸಿಸ್ಟರ್ ಬಂದಿದ್ದರೆ ಅದನ್ನು ಬಿಟ್ಟು ಜೋಡಿಸಬೇಡಿ, ಪಾಯಿಂಟ್ ಸುಡುತ್ತದೆ. ಕಾರ್ಬೊರೇಟರಿನ ಬದಿಗೆ ಸಣ್ಣ ಸೊಲೆನಾಯ್ಡ್ ಇದ್ದರೆ ಅದಕ್ಕೂ ಇದೇ ಸ್ವಿಚ್ಚಿನಿಂದ 12 ವೋಲ್ಟ್ ಕೊಡಿ. ಮರೆತರೆ ಎಂಜಿನ್ ರೇಸ್ ಮಾಡಿದಾಗ ಓಡುತ್ತದೆ, ಐಡಲಿಂಗಿಗೆ ಬಿಟ್ಟ ಕೂಡಲೇ ನಿಲ್ಲುತ್ತದೆ. ಸ್ಟಾರ್ಟರಿಗೆ ಬೇರೆ ಪುಷ್ ಬಟನ್ ಹಾಕಿ. ಬಂದ್ ಮಾಡುವ ಸ್ವಿಚ್ಚು ಎರಡು ಇರಲಿ: ಬೋರ್ಡಿನ ಮೇಲೆ ಒಂದು, ಎರಡು ಮೀಟರ್ ವೈರಿನ ತುದಿಗೆ ಕೈಯಲ್ಲಿ ಹಿಡಿಯುವಂಥದ್ದು ಒಂದು.

ಆಲ್ಟರ್ನೇಟರ್ ಯಾಕೆ ಸುಮ್ನೆ ಅಂತ ಬೆಲ್ಟ್ ತೆಗೆದುಬಿಟ್ಟರೆ ವಾಟರ್ ಪಂಪೂ ನಿಲ್ಲುತ್ತದೆ. ಎರಡಕ್ಕೂ ಒಂದೇ ಬೆಲ್ಟು. ಹಾಗಾಗಿ ಆಲ್ಟರ್ನೇಟರ್ ಇರಲಿ, ಬ್ಯಾಟರಿಗೆ ಸರಿಯಾಗಿ ಜೋಡಿಸಿರಲಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಚಾರ್ಜಿಂಗ್ ನೋಡುವ ಹಳೆ ಚಾಳಿ ಡಯೋಡಿಗೆ ಒಳ್ಳೆಯದಲ್ಲ. ಮೀಟರ್ ಹಿಡಿದು ನೋಡಿ, 14 ವೋಲ್ಟ್ ಆಸುಪಾಸು ತೋರಿಸಬೇಕು.

ಆಯಿಲ್ ಲೈಟಿನ ಸ್ವಿಚ್ ಜಾಗಕ್ಕೆ ಒಂದು ಟೀ ಹಾಕಿ, ಸ್ವಿಚ್ಚೂ ಇರಲಿ, ಮುಳ್ಳಿನ ಪ್ರೆಷರ್ ಗೇಜೂ ಇರಲಿ. ಅಂಗಡಿಗೆ ಹೋಗುವಾಗ ಹಳೆ ಸ್ವಿಚ್ ಕೈಯಲ್ಲಿ ಹಿಡಿದು ಹೋಗಿ, ಥ್ರೆಡ್ ಬಾಯಿಮಾತಿನಲ್ಲಿ ಹೊಂದುವುದಿಲ್ಲ.

ರೇಡಿಯೇಟರ್ ಬಗ್ಗೆ ಒಂದೇ ಮಾತು. ಅದರ ಮೇಲಿನ ಟ್ಯಾಂಕು ಹೆಡ್ಡಿಗಿಂತ ಎತ್ತರಕ್ಕಿರಲಿ, ಗಾಳಿ ತಾನೇ ಮೇಲೆ ಬಂದು ಹೊರಗೆ ಹೋಗುತ್ತದೆ. ಮುಂದಿನ ಅಡ್ಡ ತುಂಡಿಗೆ ಎರಡು ಸಣ್ಣ ಕಂಬ ನಿಲ್ಲಿಸಿ, ಕೆಳಗೆ ಹಳೆ ಟ್ಯೂಬಿನ ರಬ್ಬರ್ ಇಟ್ಟು ಕೂರಿಸಿದರೆ ಆಯಿತು.

ಮೊದಲ ಸಲ ಚಾಲೂ ಮಾಡುವಾಗ

ಪ್ಲಗ್ ಮೂರೂ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರ್ ಹೊಡೆಯಿರಿ. ಒಂದೇ ಸಮ ಬೇಡ, ನಡುವೆ ಮೋಟಾರ್ ತಣಿಯಲಿ. ಮುಳ್ಳು ಏಳದಿದ್ದರೆ ಅಲ್ಲೇ ನಿಲ್ಲಿಸಿ, ಪ್ಲಗ್ ಹಾಕುವ ಮಾತೇ ಇಲ್ಲ. ಎದ್ದರೆ ಪ್ಲಗ್ ಹಾಕಿ, ಫೈರಿಂಗ್ ಆರ್ಡರ್ 1-3-2, ಟೈಮಿಂಗ್ ಬೆಲ್ಟ್ ಬದಿಯದು ಒಂದನೇ ಸಿಲಿಂಡರ್.

ಚಾಲೂ ಆದ ಮೇಲೆ ಎಲ್ಲರ ಕೈ ಆಕ್ಸಿಲರೇಟರ್ ಕಡೆಗೇ ಹೋಗುತ್ತದೆ. ಬೇಡ. ಮೊದಲ ಅರ್ಧ ನಿಮಿಷ ಗೇಜು ನೋಡಿ, ಆಮೇಲೆ ಸ್ಟ್ಯಾಂಡಿನ ನಾಲ್ಕು ಮೂಲೆ ನೋಡಿ. ಯಾವ ಕೂಡಿಕೆಯಾದರೂ ಬಾಯಿ ಬಿಡುತ್ತಿದ್ದರೆ ಬಂದ್ ಮಾಡಿ. ಎಂಜಿನ್ನಿಗೆ ನೇರವಾಗಿ ಫ್ಯಾನು, ಪುಲ್ಲಿ ಇರುವ ಸಾಲಿನಲ್ಲಿ ನಿಲ್ಲಬೇಡಿ, ಬದಿಗೆ ನಿಲ್ಲಿ. ಮೇಲಿನ ಹೋಸು ಸಡನ್ನಾಗಿ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ ಅರ್ಥ. ಫ್ಯಾನ್ ಒಂದು ಸಲ ತಿರುಗಿ ನಿಲ್ಲುವವರೆಗೆ ಓಡಲಿ. ಆಗ ಟಾರ್ಚ್ ಹಿಡಿದು ಕೂತುಕೊಂಡು ನೋಡಿ: ಹೆಡ್ ಗ್ಯಾಸ್ಕೆಟ್ಟಿನ ಅಂಚು, ಟ್ಯಾಪೆಟ್ ಕವರ್, ಬೆಲ್ ಹೌಸಿಂಗಿನ ಕೆಳತುದಿ. ಬೆಲ್ ಹೌಸಿಂಗ್ ಕೆಳಗೆ ಹನಿ ಕೂತಿದ್ದರೆ ಬೆರಳಿಗೆ ಹಚ್ಚಿ ಮೂಸಿ. ಗೇರ್ ಆಯಿಲಿಗೆ ಗಂಧಕದ ವಾಸನೆ ಇರುತ್ತದೆ, ಎಂಜಿನ್ ಆಯಿಲಿಗೆ ಇಲ್ಲ. ಯಾವ ಸೀಲು ಅಂತ ಅಲ್ಲೇ ತಿಳಿಯುತ್ತದೆ. ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಆಯಿಲ್ ಮುಳ್ಳು ಬೀಳುತ್ತಲೇ ಹೋದರೆ ಬೇರಿಂಗ್ ಅಥವಾ ಪಂಪ್ ಮತ್ತೆ ನೋಡಬೇಕು. ಬಿಸಿ ಇರುವಾಗಲೇ ಮೂರೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆದುಬಿಡಿ. ಗಾಡಿಯಲ್ಲಿ ಇದೇ ಕೆಲಸಕ್ಕೆ ಸೊಂಟ ಮುರಿಯುತ್ತದೆ.

ಇಷ್ಟು ಸಾಕು. ಹೊಸ ರಿಂಗ್ ಸೆಟ್ ಆಗಲಿ ಅಂತ ಗಂಟೆಗಟ್ಟಲೆ ಸ್ಟ್ಯಾಂಡ್ ಮೇಲೆ ಓಡಿಸುವವರಿದ್ದಾರೆ. ಲೋಡ್ ಇಲ್ಲದೆ ರಿಂಗ್ ಸೆಟ್ ಆಗುವುದಿಲ್ಲ, ಬೋರ್ ಮಾತ್ರ ಗಾಜಿನಂತೆ ನುಣುಪಾಗಿ ಆಮೇಲೆ ಆಯಿಲ್ ಕುಡಿಯುತ್ತದೆ. ಆ ಕೆಲಸ ರಸ್ತೆ ಮೇಲೆ ಆಗಬೇಕು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರಲಿ.

ಸ್ಟ್ಯಾಂಡಿಗೆ ಕೊನೆಯಲ್ಲಿ ಎರಡು ಕೋಟ್ ಎನಾಮೆಲ್ ಪೇಂಟ್ ಹಚ್ಚಿ. ಕೊಯ್ದ ತುದಿಗಳಿಗೆ ಮೂರು ಕೋಟ್, ಆಯಿಲ್ಲೂ ನೀರೂ ಒಳಗಿಳಿಯುವುದು ಅಲ್ಲಿಂದಲೇ. ತಿಳಿ ಬಣ್ಣ ಇದ್ದರೆ ಹನಿ ಬಿದ್ದದ್ದು ಕಾಣುತ್ತದೆ, ಕಪ್ಪು ಬೇಡ. ಮೊದಲ ಎಂಜಿನ್ ಓಡಿಸಿದ ಮೇಲೆ ಎಲ್ಲ ನಟ್ಟಿಗೂ ಒಮ್ಮೆ ಪಾನಾ ಹಾಕಿ. ಆಮೇಲೆ ಬಿಸಿಲು ಏರಿದಾಗ ಒಮ್ಮೆ, ಮಿರಗದ ಮಳೆ ಹಿಡಿದಾಗ ಒಮ್ಮೆ. ಕಟ್ಟಿಗೆ ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ತೆಗೆದು ಗಾಡಿಗೆ ಹಾಕಿಬಿಡಿ, ಸ್ಟ್ಯಾಂಡ್ ಮೇಲೆ ಬಿಟ್ಟು ಮನೆಗೆ ಹೋಗಬೇಡಿ. ಮುಂದೆ ಮಾರುತಿ 800ರ ಎಂಜಿನ್ ಕೂರಿಸಬೇಕಾದರೆ ಅಡಿ ಹಾಗೇ ಇರಲಿ, ಕಂಬ ಮಾತ್ರ ಸರಿಸಬೇಕಾಗುತ್ತದೆ. ಹೊಸ ತೂತು ಹಳೆಯದರಿಂದ ಎರಡು ಇಂಚಾದರೂ ದೂರ ಇರಲಿ, ಹಳೆ ತೂತಿಗೆ ಅದೇ ಕಟ್ಟಿಗೆಯ ಗೂಟ ಕೆತ್ತಿ ಅಂಟು ಹಚ್ಚಿ ಬಡಿಯಿರಿ.